ಒಂದು ತೊಟ್ಟೂ ಆಚೆಗಿಲ್ಲ

ಬೆಳಗ್ಗೆ ಆರೂವರೆಗೆ ಕಂಪೌಂಡರು ಮೆಟ್ಟಿಲ ಮೇಲೆ ನಿಂತು ಬಲಗಾಲಿಗೆ ಚಪ್ಪಲಿ ಮೆಟ್ಟಿದರು. ಎಡಗಾಲಿನದಕ್ಕೆ ಕಾಲು ಆಡಿಸಿದರು. ಸಿಗಲಿಲ್ಲ. ಬಗ್ಗಿ ನೋಡಿದರೆ ಎಡಗಾಲಿನ ಚಪ್ಪಲಿ ಅಂಗಳದ ನೀರಿನಲ್ಲಿ ತೇಲುತ್ತ, ಯಾರಿಗೂ ಹೇಳದೆ ಕೇಳದೆ, ಗೇಟಿನ ಪಕ್ಕದ ಮೂಲೆಗೆ ಹೊರಟಿತ್ತು. ಅದರ ಮೇಲೊಂದು ಕಪ್ಪೆ, ಟಿಕೆಟ್ ತೆಗೆದುಕೊಂಡು ಹತ್ತಿದ ಹಾಗೆ, ನಿಶ್ಚಿಂತೆಯಿಂದ ಕೂತಿತ್ತು.

"ಲೇ!" ಎಂದು ಕಂಪೌಂಡರು ಕೂಗಿದರು.

"ನನ್ನನ್ನಾ, ಕಪ್ಪೆನಾ?" ಎಂದು ಹೆಂಡತಿ ಒಳಗಿನಿಂದ ಕೇಳಿದಳು.

ಮಳೆ ನಿಂತು ನಾಲ್ಕು ದಿನವಾಗಿತ್ತು. ಬೀದಿ ಒಣಗಿತ್ತು. ಎದುರು ಮನೆಯ ಅಂಗಳ ಒಣಗಿತ್ತು. ಪಕ್ಕದ ಮನೆಯ ಅಂಗಳದಲ್ಲಂತೂ ಧೂಳು ಏಳುತ್ತಿತ್ತು. ಕಂಪೌಂಡರ ಅಂಗಳದಲ್ಲಿ ಮಾತ್ರ ನೀರು, ಎರಡು ದಿನಕ್ಕೆಂದು ಬಂದು ಕಾಲು ಚಾಚಿದ ನೆಂಟನ ಹಾಗೆ, ಹೊರಡುವ ಮಾತೇ ಎತ್ತದೆ ಬಿದ್ದುಕೊಂಡಿತ್ತು. ಮನೆ ಕಟ್ಟಿ ಹನ್ನೆರಡು ವರ್ಷ. ಮೊದಲ ಹತ್ತು ವರ್ಷ ಈ ಪೀಡೆ ಇರಲಿಲ್ಲ. ಎರಡು ವರ್ಷದಿಂದ ಒಂದು ಮಳೆ ಬಿದ್ದರೆ ಎಂಟು ದಿನ ಕೆರೆ.

ಕಂಪೌಂಡರಿಗೆ ಸಿಟ್ಟು ಬಂತು. ಬಂತು ಎನ್ನುವುದೂ ಸರಿಯಲ್ಲ. ಅದು ಅವರಲ್ಲೇ ಇತ್ತು, ಎದ್ದು ಕೂತಿತು ಅಷ್ಟೆ. ಬೀದಿಯವರು ಅವರಿಗೆ ಥರ್ಮಾಮೀಟರ್ ಎಂದು ಹೆಸರಿಟ್ಟಿದ್ದರು. ಬೇರೆ ಥರ್ಮಾಮೀಟರನ್ನು ಕೊಡವಿದರೆ ಪಾದರಸ ಇಳಿಯುತ್ತದೆ, ಇವರನ್ನು ಯಾರಾದರೂ ಕೊಂಚ ಅಲುಗಿಸಿದರೆ ಏರುತ್ತಿತ್ತು.

ಹಾಗೆಂದು ಕೆಲಸದಲ್ಲಿ ಅವರ ಕೈಗೆ ಸಿಟ್ಟಿರಲಿಲ್ಲ. ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷದಿಂದ ಔಷಧಿ ಬೆರೆಸಿ ಕೊಡುತ್ತಿದ್ದ ಕೈ ಅದು. ಬಾಟಲಿಗೆ ತುಂಬುವುದು, ಬಾಯಿಗೆ ಹೆಬ್ಬೆರಳು ಒತ್ತುವುದು, ಮೂರು ಸಲ ಕುಲುಕುವುದು, ಬಿರಡೆ ಹಾಕುವುದು. ದಿನಕ್ಕೆ ನೂರು ಬಾಟಲಿ. ಬಾಯಿ ತೆರೆದ ಸೀಸೆಯನ್ನು ಕಂಡರೆ ಅವರಿಗೆ ಬಟ್ಟೆಯಿಲ್ಲದ ಮನುಷ್ಯನನ್ನು ಕಂಡಷ್ಟು ಸಂಕೋಚವಾಗುತ್ತಿತ್ತು. ಮನೆಯಲ್ಲಿ ಎಣ್ಣೆ ಸೀಸೆಯಿಂದ ಸೀಮೆಎಣ್ಣೆ ಡಬ್ಬಿಯವರೆಗೆ ಎಲ್ಲಕ್ಕೂ ಬಿಗಿಯಾಗಿ ಮುಚ್ಚಳ ಬಿದ್ದಿರುತ್ತಿತ್ತು. ಮುಚ್ಚಳವಿಲ್ಲದೆ ಉಳಿದದ್ದು ಯಜಮಾನರ ಬಾಯಿ ಒಂದೇ ಎಂದು ಹೆಂಡತಿ ಹೇಳುತ್ತಿದ್ದಳು.

ಚಪ್ಪಲಿಯನ್ನು ಹಿಡಿಯಲು ಕಂಪೌಂಡರು ನೀರಿಗೆ ಇಳಿದಾಗಲೇ ಫೋನು ಬಂತು. ಹೆಂಡತಿ ಮಾತಾಡಿ ಬಾಗಿಲಿಗೆ ಬಂದಳು. ಅವಳ ಮುಖ ನೋಡಿಯೇ ಕಂಪೌಂಡರಿಗೆ ತಿಳಿಯಿತು.

"ಅಕ್ಕನಾ?"

"ಅತ್ತಿಗೇನೇ. ಇವತ್ತು ಸಂಜೆ ಐದರ ಬಸ್ಸಿಗೆ ಬರ್ತಾರಂತೆ."

ಕಂಪೌಂಡರು ಮೊಣಕಾಲಿನ ಕೆಳಗೆ ನೀರಿನಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದು, ಕಲ್ಲಿನಂತೆ ನಿಂತರು.

ತಾಯಿ ತೀರಿಕೊಂಡಾಗ ಅವರಿಗೆ ಆರು ವರ್ಷ. ಸಾಕಿದವಳು ಅಕ್ಕ. ಓದುಬರಹ ಹೆಚ್ಚು ಬಾರದ ಆಕೆಗೆ ಕೇಳಿ ಕಲಿತ ಪದ್ಯಗಳು ರಾಶಿ ಬರುತ್ತಿದ್ದವು. ತಮ್ಮನಿಗೆ ಸಿಟ್ಟು ಬಂದಾಗಲೆಲ್ಲ ಕಿವಿ ಹಿಡಿದು ನಿಲ್ಲಿಸಿ, "ನಾಲ್ಕು ಸಾಲು ಪದ್ಯ ಪೂರ್ತಿ ಹೇಳು, ಆಮೇಲೆ ಯಾರನ್ನ ಬೇಕಾದ್ರೂ ಹೊಡಿ" ಎನ್ನುತ್ತಿದ್ದಳು. ಮದ್ದು ಒಳ್ಳೆಯದೇ. ಆದರೆ ಕಂಪೌಂಡರಿಗೆ ಐವತ್ತೈದು ತುಂಬಿದರೂ, ಶಾಲೆ ಮಕ್ಕಳಿಗೆಲ್ಲ ಬರುವ ಆ ಪದ್ಯ ಎರಡನೆಯ ಸಾಲು ದಾಟಿರಲಿಲ್ಲ. ಅಷ್ಟರೊಳಗೆ ಕೈ ಎದ್ದಿರುತ್ತಿತ್ತು.

ಆ ಅಕ್ಕ ಎರಡು ವರ್ಷದ ಹಿಂದೆ ಇದೇ ಅಂಗಳದ ನೀರಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಕಟ್ಟಿಸಿಕೊಂಡು ಹೊರಟವಳು ಮತ್ತೆ ಬಂದಿರಲಿಲ್ಲ.

"ಇನ್ನೇನು ಅಂದಳು?"

ಹೆಂಡತಿ ಒಂದೊಂದೇ ಮಾತನ್ನು ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಆರಿಸಿ ಹೇಳಿದಳು. "ಗೇಟಿನ ಹತ್ರ ನಿಂತು ನೋಡ್ತಾರಂತೆ. ಒಣಗಿದ್ರೆ ಒಳಗೆ ಬರ್ತಾರಂತೆ. ಇಲ್ದಿದ್ರೆ ಹಾಗೇ ವಾಪಸ್ ಹೋಗ್ತಾರಂತೆ. 'ಇನ್ನೊಂದು ಸಲ ಬೀಳೋ ವಯಸ್ಸಲ್ಲ ನಂದು. ಈ ಸಲವೂ ಒಣಗಿಲ್ಲ ಅಂದ್ರೆ ಇನ್ನು ಮೇಲೆ ಕರೀಲೇಬೇಡಿ' ಅಂದರು."

"ಒಣಗುತ್ತೆ!" ಎಂದು ಕಂಪೌಂಡರು ಗರ್ಜಿಸಿದರು. "ಸಂಜೆ ಐದರೊಳಗೆ ಈ ಅಂಗಳ ಹಪ್ಪಳದ ಹಾಗೆ ಒಣಗದಿದ್ರೆ ನಾನು ನನ್ನ ಅಕ್ಕನ ತಮ್ಮನೇ ಅಲ್ಲ!"

"ಕೂಗಿದರೆ ನೀರು ಹೆದರಿ ಓಡುತ್ತಾ ಕಂಪೌಂಡರೇ?" ಎಂದು ಪಕ್ಕದ ಗೋಡೆಯ ಮೇಲಿನಿಂದ ಒಂದು ಧ್ವನಿ ಬಂತು.

ಅದು ಸ್ಟೇಷನ್ ಮಾಸ್ತರರು. ರೈಲ್ವೆಯಿಂದ ನಿವೃತ್ತರಾಗಿ ನಾಲ್ಕು ವರ್ಷವಾಗಿದ್ದರೂ ಬೀದಿಯಲ್ಲಿ ಯಾವುದು ಎಲ್ಲಿ ನಿಂತಿದೆ, ಯಾವುದು ಎಷ್ಟು ತಡವಾಗಿದೆ ಎಂದು ನೋಡುವುದನ್ನು ಅವರು ಬಿಟ್ಟಿರಲಿಲ್ಲ. ಕಂಪೌಂಡರಿಗೆ ಜಗತ್ತಿನಲ್ಲಿ ಆಗದವರು ಅನೇಕರಿದ್ದರು. ಮಾಸ್ತರರು ಆ ಪಟ್ಟಿಯ ತಲೆಬರಹದಲ್ಲಿದ್ದರು.

"ಇದು ನಿಮ್ಮ ಮನೆ ನೀರೇ ಮಾಸ್ತರೇ! ಗೋಡೆ ಕೆಳಗಿಂದ ಕಳಿಸ್ತೀರಿ ನೀವು!"

"ನನ್ನ ಅಂಗಳ ನೋಡಿ, ಬಿಸ್ಕತ್ತು. ಇಲ್ಲದ ನೀರನ್ನ ಎಲ್ಲಿಂದ ತಂದು ಕಳಿಸಲಿ?" ಮಾಸ್ತರರು ಕನ್ನಡಕ ಒರೆಸಿಕೊಂಡರು. "ನಾನು ನ್ಯಾಯ ಬಿಟ್ಟು ಮಾತಾಡೋನಲ್ಲ. ಎರಡು ವರ್ಷದ ಹಿಂದೆ, ನಿಮ್ಮ ಮನೆ ನೀರು ನನ್ನ ಗೇಟಿನ ಮುಂದೆ ಬರುತ್ತೆ ಅಂತ ಒಂದು ಮಾತು ಹೇಳಿದ್ದೆ. ಅವತ್ತಿಂದ ಒಂದು ತೊಟ್ಟೂ ಬಂದಿಲ್ಲ. ಆ ವಿಷಯದಲ್ಲಿ ನೀವು ಸಜ್ಜನರು ಅಂತ ಎಲ್ಲರ ಹತ್ರನೂ ಹೇಳ್ತೀನಿ."

ಬೈದಿದ್ದರೆ ಕಂಪೌಂಡರು ತಡೆದುಕೊಳ್ಳುತ್ತಿದ್ದರೋ ಏನೋ. ಹೊಗಳಿದ್ದರಿಂದ ಪಾದರಸ ನೇರ ನೆತ್ತಿಗೆ ಹೋಯಿತು. ಕ್ಲಿನಿಕ್ಕಿಗೆ ರಜೆ ಹೇಳಿ, ಗಾರೆಯವನನ್ನು ಕರೆಸಿದರು.

ಗಾರೆಯವನು ಒಂಬತ್ತಕ್ಕೆ ಬಂದ. ಅಂಗಳ ನೋಡಿದ, ಆಕಾಶ ನೋಡಿದ, ಮಧ್ಯದಲ್ಲಿ ಕಂಪೌಂಡರನ್ನು ನೋಡಿದ. ಚೀಲದಿಂದ ಬೆರಳು ದಪ್ಪದ, ಹತ್ತು ಹನ್ನೆರಡು ಗಜ ಉದ್ದದ, ಒಳಗಿರುವುದೆಲ್ಲ ಕಾಣುವ ಪೈಪಿನ ಸುರುಳಿ ತೆಗೆದು ನೀರು ತುಂಬಿಸತೊಡಗಿದ.

"ಇದೇನಯ್ಯ, ಅಂಗಳಕ್ಕೆ ಗ್ಲೂಕೋಸ್ ಏರಿಸ್ತೀಯಾ?"

"ಮಟ್ಟ ನೋಡೋ ಪೈಪು ಸಾರ್. ಎರಡು ತುದೀನೂ ಎತ್ತಿ ಹಿಡಿದ್ರೆ ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತೆ. ಅಲ್ಲಿಂದ ನೆಲಕ್ಕೆ ಎಷ್ಟು ಅಂತ ಕೋಲಲ್ಲಿ ಅಳೆದ್ರೆ ಯಾವುದು ತಗ್ಗು, ಯಾವುದು ಏರು ಅಂತ ಗೊತ್ತಾಗುತ್ತೆ. ನೀರು ಸುಳ್ಳು ಹೇಳಲ್ಲ. ಆ ಕಡೆ ತುದಿ ಹಿಡಿಯೋಕೆ ಒಬ್ಬರು ಬೇಕು."

"ನಾನು ಬರಲಾ?" ಎಂದರು ಗೋಡೆಯ ಮೇಲಿನ ಮಾಸ್ತರರು. "ಮೂವತ್ತೈದು ವರ್ಷ ಬಾವುಟ ಹಿಡಿದ ಕೈ."

"ನನ್ನ ಅಂಗಳ, ನಾನು ಹಿಡೀತೀನಿ!"

"ಸಾರ್, ಹಿಡಿಯುವಾಗ ಒಂದು ವಿಷಯ, ತುದೀನ..." ಎಂದು ಗಾರೆಯವನು ಶುರುಮಾಡಿದ.

"ನನಗೆ ಹೇಳಿಕೊಡ್ತೀಯಾ? ಇಪ್ಪತ್ತಾರು ವರ್ಷದಲ್ಲಿ ಈ ಕೈಯಿಂದ ಒಂದು ಹನಿ ಚೆಲ್ಲಿದ್ದಿಲ್ಲ! ನಿನ್ನ ಕೆಲಸ ನೀನು ನೋಡು!"

ಗಾರೆಯವನು ಬಾಯಿ ಮುಚ್ಚಿಕೊಂಡು ಮನೆಯ ಹಿಂದಿನ ಮೋರಿಯ ಬಳಿ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಕಂಪೌಂಡರು ಪೈಪಿನ ಇನ್ನೊಂದು ತುದಿಯನ್ನು, ಔಷಧಿಯ ಬಾಟಲಿಯನ್ನು ಹಿಡಿಯುವ ಅದೇ ಹದದಲ್ಲಿ ಹಿಡಿದು, ಗೇಟಿನ ಪಕ್ಕದ ಮೂಲೆಗೆ ಹೋಗಿ ಕೋಲು ಊರಿದರು. ಅಲ್ಲಿ ಸಾಲಾಗಿ ಹೂಕುಂಡಗಳಿದ್ದವು.

"ಎಷ್ಟು ಸಾರ್?"

"ಎರಡೂವರೆ ಅಡಿ!"

"ಇಲ್ಲೂ ಎರಡೂವರೆ. ಸರಿ, ಬಾಗಿಲ ಹತ್ರ ಬನ್ನಿ. ಈಗ?"

"ಎರಡೂವರೆ!"

"ಬಟ್ಟೆ ಒಗೆಯೋ ಕಲ್ಲಿನ ಹತ್ರ?"

"ಎರಡೂವರೆನಯ್ಯಾ! ಎಷ್ಟು ಸಲ ಹೇಳಬೇಕು?"

ಗಾರೆಯವನು ತಲೆಯ ಮೇಲಿನ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಡೊಂಕೇ ಇಲ್ಲ ಅನ್ನೋದೇ ತೊಂದರೆ. ಮೂವತ್ತು ವರ್ಷದಲ್ಲಿ ಇಂಥ ಅಂಗಳ ನೋಡಿಲ್ಲ ಸಾರ್. ಮುಂದೆ, ಹಿಂದೆ, ಎಲ್ಲಿ ಹಿಡಿದ್ರೂ ಕೇರಂ ಬೋರ್ಡಿನ ಹಾಗೆ ಮಟ್ಟಸ."

"ಮಟ್ಟಸ ಆಗಿದ್ರೆ ನೀರು ಆ ಮೂಲೇಲೇ ಯಾಕೆ ಹೆಚ್ಚು ನಿಂತಿದೆ?" ಎಂದು ಮಾಸ್ತರರು ಕೇಳಿದರು.

"ಅದು ನನ್ನ ನೀರು! ಎಲ್ಲಿ ಬೇಕಾದ್ರೂ ನಿಲ್ಲುತ್ತೆ!"

ಎದುರು ಮನೆಯ ಹೊಲಿಗೆಯಮ್ಮ ಯಂತ್ರ ನಿಲ್ಲಿಸಿ ಕಿಟಕಿಗೆ ಬಂದಳು. ಹೊಲಿಗೆಯಮ್ಮನ ಕಿಟಕಿ ತೆರೆದುಕೊಂಡಿತೆಂದರೆ ವಿಷಯ ಸಂಜೆಯೊಳಗೆ ನಾಲ್ಕು ಬೀದಿಗೆ ಅಳತೆ ಸಮೇತ ಹೋಯಿತೆಂದೇ ಅರ್ಥ.

ನೆಲ ಮಟ್ಟಸವೆಂದ ಮೇಲೆ ಇಳಿಜಾರು ತಾವೇ ಮಾಡಬೇಕು ಎಂದ ಗಾರೆಯವನು. ಮುಂದೆ ಬೀದಿಗೆ ಬಿಡುವುದೋ, ಹಿಂದೆ ಮೋರಿಗೆ ಬಿಡುವುದೋ?

"ಬೀದಿಗೆ ಬಿಟ್ರೆ ಈ ಮಹಾನುಭಾವರ ಗೇಟಿನ ಮುಂದೆ ಹೋಗುತ್ತೆ. ಆಮೇಲೆ ಇವರ ಭಾಷಣ ಯಾರು ಕೇಳ್ತಾರೆ? ಹಿಂದಕ್ಕೆ ಬಿಡು!"

ಮುಂದಿನ ಮೂಲೆಯಿಂದ ಮನೆಯ ಪಕ್ಕದಲ್ಲೇ ಹಾದು ಹಿಂದಿನ ಮೋರಿಯವರೆಗೆ ಕಾಲುವೆ, ಮೋರಿಯ ಕಡೆ ಒಂದು ಗೇಣು ಆಳ, ಎಂದು ತೀರ್ಮಾನವಾಯಿತು. ಗಾರೆಯವನು ಎರಡು ಗಜ ತೋಡಿ ನಿಂತ. "ಸಾರ್, ಏನೋ ಎಡವಟ್ಟಾಗಿದೆ. ನಾವು ತೋಡ್ತಾ ಹೋದ ಹಾಗೆ ನೀರು ಹಿಂದೆ ಬರಬೇಕು. ಇದು ಬರ್ತಿಲ್ಲ. ಇನ್ನೊಂದು ಸಲ ಮಟ್ಟ ನೋಡೋಣ."

"ಗಂಟೆ ಹನ್ನೊಂದೂವರೆ ಆಯ್ತು! ಮೂವತ್ತು ವರ್ಷದ ಅನುಭವವೋ, ಮೂವತ್ತು ದಿನದ್ದೋ? ನೀನು ಕಟ್ಟಿದ ಮನೆಗಳೆಲ್ಲ ಇನ್ನೂ ನಿಂತಿದಾವಾ?"

ಗಾರೆಯವನು ಗುದ್ದಲಿಯನ್ನು ಮೆಲ್ಲನೆ ಕೆಳಗಿಟ್ಟ. ಅವನು ಹೊಡೆದಿದ್ದರೆ ಇಷ್ಟು ಸದ್ದಾಗುತ್ತಿರಲಿಲ್ಲ. "ನಿಮ್ಮ ಅಂಗಳ ನೀವೇ ತೋಡ್ಕೊಳ್ಳಿ ಸಾರ್. ಸಾಮಾನು ಸಂಜೆ ಬಂದು ತಗೊಂಡು ಹೋಗ್ತೀನಿ" ಎಂದು ಗೇಟು ದಾಟಿದ.

"ರೀ, ಅವನನ್ನ ಕರೀರಿ" ಎಂದಳು ಹೆಂಡತಿ.

"ನೀನು ಸುಮ್ನಿರು! ನನಗೆ ಕೈಯಿಲ್ವಾ?"

ಕೈ ಇತ್ತು. ಆದರೆ ಅದು ಚಮಚದಲ್ಲಿ ಅಳೆಯುತ್ತಿದ್ದ ಕೈ. ಗುದ್ದಲಿ ಹಿಡಿದ ಹತ್ತು ನಿಮಿಷಕ್ಕೆ ಅಂಗೈಯಲ್ಲಿ ನಾಲ್ಕು ಬೊಬ್ಬೆ ಎದ್ದವು. ಕಂಪೌಂಡರು ಒಂದೊಂದು ಏಟಿಗೂ ಒಬ್ಬೊಬ್ಬರನ್ನು ಬೈಯುತ್ತ ತೋಡಿದರು. ಗಾರೆಯವನಿಗೆ ಒಂದು, ಮಾಸ್ತರರಿಗೆ ಎರಡು, ಮಳೆಗೆ ಒಂದು, ಮತ್ತೆ ಮಾಸ್ತರರಿಗೆ ಒಂದು. ಮಾಸ್ತರರು ಕುರ್ಚಿ ತರಿಸಿ ಗೋಡೆಯ ಆಚೆ ಹಾಕಿಕೊಂಡಿದ್ದರು. ಆಗಾಗ, "ಎಡಕ್ಕೆ ಹೋಗ್ತಿದೀರಿ, ಲೈನು ಬಲಕ್ಕಿದೆ" ಎನ್ನುತ್ತಿದ್ದರು. ಹೊಲಿಗೆಯಮ್ಮ ಕಿಟಕಿಯಿಂದ, "ಬೂದಿ ಹಾಕಿ ನೋಡಿ, ನೀರು ಹೀರುತ್ತೆ" ಎಂದಳು. ಅರ್ಧ ಗಂಟೆ ಬಿಟ್ಟು, "ಬೂದಿ ಬೇಡ, ಮರಳು" ಎಂದಳು.

"ಇನ್ಯಾರಾದ್ರೂ ಬಾಯಿ ಬಿಟ್ರೆ ಬಾಯಿಗೇ ಮರಳು ಹಾಕ್ತೀನಿ!"

ಮೂರು ಗಂಟೆಗೆ ಮಾಸ್ತರರು ಎದ್ದು ನಿಂತರು. "ಕಂಪೌಂಡರೇ, ಅಲ್ಲಿ ಜೋರಾಗಿ ಹೊಡೀಬೇಡಿ, ಅಲ್ಲಿ..."

ಕಂಪೌಂಡರು ಬೇಕೆಂದೇ ಅಲ್ಲೇ ಜೋರಾಗಿ ಹೊಡೆದರು.

ನಲ್ಲಿಯ ಪೈಪು ಒಡೆದು ನೀರು ಅವರ ಮುಖಕ್ಕೇ ಚಿಮ್ಮಿತು. ಆ ಕ್ಷಣದಲ್ಲಿ ಅವರು ಯೋಚಿಸಲಿಲ್ಲ, ಕೈ ಯೋಚಿಸಿತು. ಹೆಬ್ಬೆರಳು ನೇರ ತೂತಿಗೆ ಹೋಗಿ ಕೂತಿತು. ನೀರು ನಿಂತಿತು. ಕಂಪೌಂಡರು ವಿಜಯದಿಂದ ತಲೆಯೆತ್ತಿದರು. ಎರಡು ನಿಮಿಷದ ಮೇಲೆ ಅವರಿಗೆ ಹೊಳೆಯಿತು, ಇನ್ನು ತಾವು ಅಲ್ಲಿಂದ ಏಳುವಂತಿಲ್ಲ.

"ರೀ, ನೀರು ಬಂದ್ ಮಾಡೋ ವಾಲ್ವ್ ಎಲ್ಲಿದೆ?"

ಕಂಪೌಂಡರು ಮುಖ ಆ ಕಡೆ ತಿರುಗಿಸಿದರು. ಎರಡೂ ಮನೆಗೆ ಲೈನು ಒಂದೇ. ವಾಲ್ವ್ ಇದ್ದದ್ದು ಮಾಸ್ತರರ ಗೇಟಿನೊಳಗೆ.

"ಹೇಳಿ ಅಂದ್ರೆ!"

"ಹೇಳಲ್ಲ! ಬೇಕಾದ್ರೆ ನಾಳೆವರೆಗೆ ಹೀಗೇ ಕೂತಿರ್ತೀನಿ. ಆ ಮನುಷ್ಯನ ಹತ್ರ ಕೈ ಚಾಚಲ್ಲ!"

ಮುಕ್ಕಾಲು ಗಂಟೆ ಕೂತರು. ಕಪ್ಪೆ ಬಂದು ಎದುರಿಗೆ ಕೂತು ಇವರನ್ನು ನೋಡಿತು. ಮಾಸ್ತರರೂ ನೋಡಿದರು. ಕರೆಯದೆ ಹೋಗುವುದು ನಿಯಮಕ್ಕೆ ವಿರುದ್ಧ ಎಂದು ಅವರು ಕುರ್ಚಿ ಬಿಟ್ಟು ಅಲುಗಲಿಲ್ಲ. ಕೊನೆಗೆ ಹೆಂಡತಿಯೇ ಹೋಗಿ, "ಮಾಸ್ತರೇ, ದಯವಿಟ್ಟು" ಎಂದಳು. ಮಾಸ್ತರರು ವಾಲ್ವ್ ತಿರುಗಿಸಿ ಬಂದು, "ಮುಕ್ಕಾಲು ಗಂಟೆ ತಡ. ಇದನ್ನ ಆಗಲೇ ಕೇಳಬಹುದಿತ್ತು" ಎಂದರು.

ಕಂಪೌಂಡರು ಪದ್ಯ ಶುರುಮಾಡಿದರು. ಒಂದನೆಯ ಸಾಲು. ಎರಡನೆಯ ಸಾಲು. ಆಮೇಲೆ ಗುದ್ದಲಿ ಎತ್ತಿಕೊಂಡರು.

ಐದಕ್ಕೆ ಐದು ನಿಮಿಷವಿರುವಾಗ ಕಾಲುವೆ ಹಿಂದಿನ ಮೋರಿಯನ್ನು ಮುಟ್ಟಿತು. ನಡುವೆ ಉಳಿದದ್ದು ಒಂದು ಮುಷ್ಟಿಯಷ್ಟು ಮಣ್ಣಿನ ಹೆಂಟೆ. ಕಂಪೌಂಡರು ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿದರು. ಗೋಡೆಯ ಕಡೆ ಒಮ್ಮೆ ದುರುಗುಟ್ಟಿ ನೋಡಿದರು. "ನೋಡಿ ಮಾಸ್ತರೇ, ಮನುಷ್ಯ ಮನಸ್ಸು ಮಾಡಿದ್ರೆ ಏನಾಗುತ್ತೆ ಅಂತ!" ಎಂದು ಹೆಂಟೆಗೆ ಒಂದು ಏಟು ಹಾಕಿದರು.

ಅಂಗಳದ ನೀರು ಮೋರಿಗೆ ಹೋಗಲಿಲ್ಲ. ಮೋರಿ ಅಂಗಳಕ್ಕೆ ಬಂತು.

ಮೊದಲು ಸೋಪಿನ ನೊರೆ, ಅದರ ಹಿಂದೆ ತರಕಾರಿ ಸಿಪ್ಪೆ, ಯಾರದೋ ಹಲ್ಲು ಮುರಿದ ಬಾಚಣಿಗೆ, ಕೊನೆಗೆ ಹೆಸರು ಹೇಳಲಾಗದ ಕಪ್ಪು ನೀರು. ಕಂಪೌಂಡರು ಕಷ್ಟಪಟ್ಟು ತೋಡಿದ ಕಾಲುವೆಯಲ್ಲಿ ಎಲ್ಲವೂ ಶಿಸ್ತಾಗಿ, ಮೆರವಣಿಗೆಯ ಹಾಗೆ, ಮನೆಯ ಮುಂದಕ್ಕೆ ಹೊರಟವು. ಕಂಪೌಂಡರು ಮೆರವಣಿಗೆಯ ಜೊತೆಯಲ್ಲೇ ಓಡಿ ಮುಂದೆ ಬಂದರು.

ಗೇಟಿನ ಆಚೆ ಅಕ್ಕ ನಿಂತಿದ್ದಳು. ಎಡಗೈಯಲ್ಲಿ ಚೀಲ. ಬಲಗೈ ಮಣಿಕಟ್ಟಿನ ಹತ್ತಿರ ಸ್ವಲ್ಪ ಸೊಟ್ಟ. ಅದು ನೆಟ್ಟಗಾಗಿರಲಿಲ್ಲ.

ಅಕ್ಕ ಅಂಗಳ ನೋಡಿದಳು. ತಲೆಯಿಂದ ಕಾಲಿನವರೆಗೆ ಕೆಸರಾದ ತಮ್ಮನನ್ನು ನೋಡಿದಳು. "ಇದೇನೋ ಇದು? ನಾನು ಒಣಗಿಸು ಅಂದ್ರೆ, ನೀನು ಗದ್ದೆ ಮಾಡಿದೀಯ?"

"ಅಕ್ಕಾ, ಎಲ್ಲಾ ಆ ಗಾರೆಯವನಿಂದ!" ಕಂಪೌಂಡ‌ರು ಪೈಪಿನ ಸುರುಳಿಯ ಕಡೆ ಕೈ ಮಾಡಿದರು. "ಅವನ ಪೈಪು ಸರಿಯಿಲ್ಲ, ಅಳತೆ ಸರಿಯಿಲ್ಲ..."

ಗಾರೆಯವನು ಸಾಮಾನು ಒಯ್ಯಲು ಅದೇ ಹೊತ್ತಿಗೆ ಬಂದವನು ಗೇಟಿನಲ್ಲೇ ನಿಂತ. "ನನ್ನ ಪೈಪಿಗೆ ಏನೂ ಅನ್ನಬೇಡಿ ಸಾರ್."

"ಜಗಳ ಆಮೇಲೆ ಆಡಿ. ಹೇಗೆ ಅಳೆದಿರಿ, ಅದನ್ನ ತೋರಿಸಿ" ಎಂದಳು ಅಕ್ಕ.

ಗಾರೆಯವನು ಒಂದು ತುದಿ ಹಿಡಿದ. ಕಂಪೌಂಡರು ಇನ್ನೊಂದು ತುದಿಯನ್ನು ಹಿಡಿದು, "ಹೀಗೆ!" ಎಂದು ಎತ್ತಿ ತೋರಿಸಿದರು.

ಗಾರೆಯವನು ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. "ಅಯ್ಯೋ ಸಾರ್! ಹೆಬ್ಬೆರಳು!"

ಕಂಪೌಂಡರ ಹೆಬ್ಬೆರಳು ಪೈಪಿನ ಬಾಯಿಯ ಮೇಲೆ, ಬಿರಡೆಗಿಂತ ಬಿಗಿಯಾಗಿ ಕೂತಿತ್ತು.

"ಬೆಳಗ್ಗೆಯಿಂದ ಹೀಗೇ ಹಿಡಿದಿದ್ರಾ? ತುದಿ ಮುಚ್ಚಿದ್ರೆ ಒಳಗಿನ ನೀರು ಅಲ್ಲಾಡೋದೇ ಇಲ್ಲ ಸಾರ್! ಬಾವಿಗೆ ಇಳಿಸಿದ್ರೂ ಎರಡೂವರೆ ಅಡಿನೇ ತೋರಿಸುತ್ತೆ! ಅದನ್ನೇ ಹೇಳೋಕೆ ಬಂದಿದ್ದೆ, ನೀವು ಬಾಯಿ ಬಿಡೋಕೆ ಬಿಟ್ಟಿದ್ರೆ ತಾನೇ?"

ಹೊಲಿಗೆಯಮ್ಮನ ಕಿಟಕಿಯಲ್ಲಿ ನಗು ಸಿಡಿಯಿತು. ಅಕ್ಕ ನಗಲಿಲ್ಲ. "ಚಿಕ್ಕಂದಿನಿಂದ ನೀನು ಹೀಗೇ ಕಣೋ. ಮುಚ್ಚಬೇಕಾದ ಬಾಯಿ ತೆಗೀತೀಯ, ತೆಗೀಬೇಕಾದ್ದನ್ನ ಮುಚ್ತೀಯ" ಎಂದಳು.

ಪೈಪಿನ ತುದಿ ಈಗ ಮಾಸ್ತರರ ಕೈಗೆ ಹೋಯಿತು. ಅವರು ಅದನ್ನು ಬಾವುಟದ ಹಾಗೆ ನೆಟ್ಟಗೆ ಹಿಡಿದರು. ನೀರು ತುಳುಕಿ, ತೂಗಿ, ಎರಡೂ ಕಡೆ ನಿಂತಿತು. ಗಾರೆಯವನು ಅಳೆದು ಹೇಳಿದ. ಗೇಟಿನ ಪಕ್ಕದ ಮೂಲೆ, ಹಿಂದಿನ ಮೋರಿಗಿಂತ ಒಂದೂವರೆ ಗೇಣು ತಗ್ಗು. ಅಂಗಳ ಮೊದಲಿನಿಂದಲೂ ಆ ಮೂಲೆಗೇ ಇಳಿಜಾರಾಗಿತ್ತು. ಕಟ್ಟಿದವನು ಸರಿಯಾಗಿಯೇ ಕಟ್ಟಿದ್ದ.

"ಹಾಗಾದ್ರೆ ಆ ಮೂಲೆಯಲ್ಲಿ ನೀರು ಆಚೆ ಹೋಗೋಕೆ ಒಂದು ತೂತು ಬಿಟ್ಟಿರಲೇಬೇಕಲ್ಲ?" ಎಂದರು ಮಾಸ್ತರರು.

ಗಾರೆಯವನು ಹೂಕುಂಡಗಳನ್ನು ಒಂದೊಂದಾಗಿ ಸರಿಸಿದ. ಗೋಡೆಯ ಬುಡದಲ್ಲಿ ತೂತು ಇತ್ತು. ಅದರಲ್ಲಿ ಕಂದು ಬಣ್ಣದ ಗಾಜು ಮಿನುಗುತ್ತಿತ್ತು. ಸುತ್ತ ಮೆತ್ತಿದ ಸಿಮೆಂಟು. ಸಿಮೆಂಟಿನ ಮೇಲೆ, ಹಸಿಯಿದ್ದಾಗ ಒತ್ತಿದ, ಅಚ್ಚುಕಟ್ಟಾದ ಒಂದು ಹೆಬ್ಬೆರಳಿನ ಗುರುತು.

ಅಕ್ಕ ಬೀದಿಯ ಕಡೆಯಿಂದ ಬಗ್ಗಿ ನೋಡಿದಳು. "ಲೋ, ಇದು ನಿಮ್ಮ ಕ್ಲಿನಿಕ್ಕಿನ ಕೆಮ್ಮಿನ ಔಷಧಿ ಬಾಟಲಿ. ಬಿರಡೆ ಸಮೇತ ಇದೆ."

ಎಲ್ಲರೂ ಕಂಪೌಂಡರನ್ನು ನೋಡಿದರು. ಕಂಪೌಂಡರು ಬಾಟಲಿಯನ್ನು ನೋಡಿದರು.

ಆಗ ಅವರಿಗೆ ನೆನಪಾಯಿತು. ಎರಡು ವರ್ಷದ ಹಿಂದೆ, ಮಾಸ್ತರರು ಬೀದಿಯಲ್ಲಿ ನಾಲ್ಕು ಜನರೆದುರು ಗೇಟಿನ ಮುಂದಿನ ನೀರಿನ ಮಾತೆತ್ತಿದ ಮಧ್ಯಾಹ್ನ. "ಇನ್ನು ಮೇಲೆ ನನ್ನ ಮನೆಯಿಂದ ಒಂದು ತೊಟ್ಟೂ ಆಚೆಗಿಲ್ಲ!" ಎಂದು ಬಾಗಿಲು ಬಡಿದು ಒಳಗೆ ಬಂದದ್ದು. ಕೈಗೆ ಸಿಕ್ಕ ಬಾಟಲಿಯನ್ನು ತೂತಿಗೆ ತುರುಕಿ, ಸಿಮೆಂಟು ಮೆತ್ತಿ, ಹೆಬ್ಬೆರಳಿನಿಂದ ಒತ್ತಿ, ಮೇಲೆ ಕುಂಡ ಇಟ್ಟದ್ದು. ಸಿಟ್ಟಿನಲ್ಲಿ ಮಾಡಿದ್ದು ಸಿಟ್ಟು ಇಳಿದ ಮೇಲೆ ನೆನಪಾಗುತ್ತದೆ ಎನ್ನುತ್ತಾರೆ. ಕಂಪೌಂಡರ ಸಿಟ್ಟು ಈ ಎರಡು ವರ್ಷದಲ್ಲಿ ಇಳಿದೇ ಇರಲಿಲ್ಲ.

ಅದಾಗಿ ತಿಂಗಳಿಗೆ ಅಕ್ಕ ಜಾರಿ ಬಿದ್ದದ್ದು.

ಅಕ್ಕನೂ ಲೆಕ್ಕ ಹಾಕಿದಳೆಂದು ಕಾಣುತ್ತದೆ. ತನ್ನ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡಳು. "ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ ಅಂತಾರೆ. ನೀನು ಕೊಯ್ದಿದ್ದು ನನ್ನ ಮೂಗು ಕಣೋ" ಎಂದಳು, ಮೆಲ್ಲಗೆ.

ಕಂಪೌಂಡರು ಕೈಮುಗಿಯಲು ಹೋದರು. ಕೈಯಲ್ಲಿ ಕೆಸರಿತ್ತು.

"ಅಮ್ಮಾ," ಎಂದರು ಮಾಸ್ತರರು, "ದೂರದಿಂದ ಬಂದಿದೀರಿ. ಹೀಗೆ ನಿಂತಲ್ಲೇ ವಾಪಸ್ ಹೋಗಬೇಡಿ. ಇವರ ಅಂಗಳ ಒಣಗೋವರೆಗೆ ನಮ್ಮ ಮನೇಲಿರಿ. ನಮ್ಮದು ಒಣಗಿದೆ."

ಅಕ್ಕ ಮಾಸ್ತರರ ಅಂಗಳವನ್ನು ಗೇಟಿನಿಂದಲೇ ಬಗ್ಗಿ ನೋಡಿದಳು. "ಹೌದು, ಒಣಗಿದೆ" ಎಂದು ಚೀಲವನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟು ಆ ಕಡೆ ಹೊರಟಳು.

ಕಂಪೌಂಡರಿಗೆ ಸಿಟ್ಟು ಬಂತು. ಹುಟ್ಟಿದಾಗಿನಿಂದ ಬಂದ ಸಿಟ್ಟುಗಳಲ್ಲಿ ವಿಳಾಸ ತಪ್ಪದೆ ಬಂದದ್ದು ಅದೊಂದೇ. ಅದು ಅವರ ಮೇಲೇ ಬಂದಿತ್ತು. ಗಾರೆಯವನ ಹಾರೆ ಕಿತ್ತುಕೊಂಡು, ಗಾರೆಯವನು ಬೇಡ ಬೇಡ ಎನ್ನುವುದರೊಳಗೆ, ಬಾಟಲಿಯ ಬುಡಕ್ಕೆ ಹಾಕಿದರು.

ಬಾಟಲಿ ಪುಡಿಯಾಯಿತು. ಎರಡು ವರ್ಷ ಕಾದಿದ್ದ ತೂತು ಬಾಯಿ ತೆರೆಯಿತು. ಅಂಗಳದ ಮಳೆ ನೀರು, ಒಡೆದ ನಲ್ಲಿಯ ನೀರು, ಹಿಂದಿನ ಬೀದಿಯ ಮೋರಿ ನೀರು ಮೂರೂ ಒಟ್ಟಿಗೆ ಬುಸ್ಸೆಂದು ಬೀದಿಗೆ ನುಗ್ಗಿ, ಮಾಸ್ತರರ ಗೇಟಿನ ಕಡೆಗೆ ತಿರುಗಿದವು.

"ರೀ! ಅತ್ತಿಗೆ ಅಲ್ಲೇ ಇದಾರೆ!" ಎಂದು ಹೆಂಡತಿ ಕಿರುಚಿದಳು.

ಕಂಪೌಂಡರು ಯೋಚಿಸಲಿಲ್ಲ. ಕೆಸರಿನಲ್ಲಿ ಮಗ್ಗುಲಾಗಿ ಬಿದ್ದು ತೂತಿಗೆ ಹೆಬ್ಬೆರಳು ಒತ್ತಿದರು. ಸಾಲಲಿಲ್ಲ. ಅಂಗೈ ಒತ್ತಿದರು. ಅಂಗೈಯ ಬೊಬ್ಬೆಗಳೆಲ್ಲ ಒಡೆದವು. ನೀರು ನಿಂತಿತು.

"ದಾಟಿದಳಾ?"

"ಇಲ್ಲ. ಗೇಟಿನ ಹತ್ರ ಹೊಲಿಗೆಯಮ್ಮ ಸಿಕ್ಕಿದಾಳೆ. ಮಾತಾಡ್ತಿದಾರೆ."

ಗಾರೆಯವನು ಪೈಪು ಸುತ್ತಿಕೊಂಡ, ಹಾರೆ ಗುದ್ದಲಿ ಹೆಗಲಿಗೇರಿಸಿದ. "ಬರ್ತೀನಿ ಸಾರ್. ಹಿಂದೆ ಮೋರಿಗೆ ಅಡ್ಡ ಮಣ್ಣು ಹಾಕದಿದ್ರೆ ರಾತ್ರಿಯೆಲ್ಲ ಬರ್ತಾನೇ ಇರುತ್ತೆ."

"ನೀನೇ ಹಾಕಿ ಹೋಗಯ್ಯಾ!"

"ನನ್ನದು ಮೂವತ್ತು ದಿನದ ಅನುಭವ ಸಾರ್" ಎಂದು ಅವನು ಹೊರಟುಹೋದ.

"ಈಗ ದಾಟಿದಳಾ?"

"ದಾಟಿದರು. ಆದ್ರೆ ಕೈ ತೆಗೀಬೇಡಿ. ಕಾಫಿ ಕುಡಿದು ಚೀಲ ತಗೊಂಡು ಹೋಗೋಕೆ ಇನ್ನೊಂದು ಸಲ ಬರ್ತಾರಂತೆ."

"ನೀನೇ ಕೊಟ್ಟು ಬಾರೇ!"

"ಕೊಟ್ಟು ಬರೋಕೆ ನನ್ನ ಚಪ್ಪಲಿ ಎಲ್ಲಿದೆ ಅಂತ ನೋಡಿ ಹೇಳಿ" ಎಂದಳು ಹೆಂಡತಿ. ಅದೂ ತೇಲಿಹೋಗಿತ್ತು.

ಹಿಂದಿನಿಂದ ನೀರು ನಿಧಾನವಾಗಿ ಬರುತ್ತಲೇ ಇತ್ತು. ಅದು ಕಂಪೌಂಡರ ಮೊಣಕೈ ದಾಟಿ ಪಕ್ಕೆಗೆ ಬಂತು. ಅದರ ಮೇಲೆ, ಬೆಳಗ್ಗೆ ಹಿಡಿದು ಮೆಟ್ಟಿಲಲ್ಲಿಟ್ಟಿದ್ದ ಎಡಗಾಲಿನ ಚಪ್ಪಲಿ, ಮತ್ತೆ ಕಪ್ಪೆಯನ್ನು ಹತ್ತಿಸಿಕೊಂಡು, ತೇಲುತ್ತ ಬಂದು ಅವರ ಗಲ್ಲದ ಹತ್ತಿರ ತಂಗಿತು. ಕಪ್ಪೆ ಇಳಿಯಲಿಲ್ಲ.

"ಕಂಪೌಂಡರೇ," ಎಂದು ಗೋಡೆಯ ಆಚೆಯಿಂದ ಮಾಸ್ತರರ ತೃಪ್ತಿಯ ಧ್ವನಿ ಕೇಳಿತು, "ಈ ಕಡೆ ಒಂದು ತೊಟ್ಟೂ ಬರ್ತಿಲ್ಲ. ನಾನು ಹೇಳಲಿಲ್ವಾ ಅಮ್ಮಾ, ಈ ವಿಷಯದಲ್ಲಿ ಇವರು ಸಜ್ಜನರು."

ಕಂಪೌಂಡರ ಹಲ್ಲು ಕಟಕಟ ಅಂದದ್ದು ಗೋಡೆಯಾಚೆಗೂ ಕೇಳಿಸಿತೆಂದು ತೋರುತ್ತದೆ.

"ಏನೋ, ಸಿಟ್ಟು ಬಂದಿದ್ಯಾ?" ಎಂದು ಅಕ್ಕ ಅಲ್ಲಿಂದಲೇ ಕೇಳಿದಳು. ಚಿಕ್ಕಂದಿನಲ್ಲಿ ಕಿವಿ ಹಿಡಿದು ಕೇಳುತ್ತಿದ್ದ ಅದೇ ದನಿ. "ಪದ್ಯ ಹೇಳು. ನಾಲ್ಕೂ ಸಾಲು ಹೇಳಿದ್ರೆ ನಾಳೆ ಈ ಕಡೆ ಬರೋ ಮಾತು ಯೋಚಿಸ್ತೀನಿ."

ಕಂಪೌಂಡರು ಕಣ್ಣು ಮುಚ್ಚಿದರು. ಅಂಗೈಯನ್ನು ಇನ್ನಷ್ಟು ಒತ್ತಿ ಹಿಡಿದು, ಮೊದಲನೆಯ ಸಾಲು ಹೇಳಿದರು. ಎರಡನೆಯದನ್ನು ಹೇಳಿದರು. ಜೀವಮಾನದಲ್ಲಿ ಮೊದಲ ಸಲ ಕೈ ಮೇಲೇಳಲಿಲ್ಲ, ಏಳುವಂತಿರಲಿಲ್ಲ. ಮುಂದಿನದಕ್ಕೆ ಅವರು ಬಾಯಿ ತೆರೆದು ಕಾದರು. ಬೀದಿಯೆಲ್ಲ ಕಾಯಿತು.

ಮೂರನೆಯ ಸಾಲನ್ನು ಗೋಡೆಯ ಆಚೆಯಿಂದ, ಕಾಫಿ ಹೀರುವ ನಡುವೆ, ರಾಗವಾಗಿ, ಸ್ಟೇಷನ್ ಮಾಸ್ತರರು ಹೇಳಿಕೊಟ್ಟರು.